ನಿಧಾನಕ್ಕೇ ಓದ್ತೀನಿ, ಏನ್ ಮಾಡ್ಕೋತೀಯ?

ಆ ಫೋನು ಪಕ್ಕಕ್ಕಿಡಿ. ಕೇಳೋ ಹಾಗಿದ್ರೆ ನೆಟ್ಟಗೆ ಕೂತು ಕೇಳಿ, ಇಲ್ಲಾಂದ್ರೆ ಎದ್ದು ಹೋಗಿ ಮಲಕ್ಕೊಳ್ಳಿ. ಇದು ಅವರಿವರ ಬಾಯಿಂದ ಬಂದ ಗಾಳಿಸುದ್ದಿ ಅಲ್ಲ. ನಮ್ಮ ದೊಡ್ಡಮ್ಮನ ಮಗಳಿಗೆ ಆದದ್ದು. ನಾನು ಅಕ್ಕ ಅಂತ ಕರೆಯೋಳಿಗೆ.

ರಾತ್ರಿ ಹನ್ನೆರಡಕ್ಕೆ ಹತ್ತು ನಿಮಿಷ ಇತ್ತು. ಅಕ್ಕ ಪೇಪರ್ ಆಫೀಸಿನಿಂದ ನಡ್ಕೊಂಡು ಬರ್ತಿದ್ಲು. ಅಲ್ಲಿ ಅವಳದ್ದು ಪ್ರೂಫ್ ನೋಡೋ ಕೆಲಸ. ಬೆಳಗ್ಗೆ ನಾವು ಕಾಫಿ ಕುಡೀತಾ ಓದೋ ಪೇಪರಲ್ಲಿ ತಪ್ಪು ಇರಬಾರದು ಅಂತ ಇಂಥವರು ಹಿಂದಿನ ರಾತ್ರಿ ಕಣ್ಣು ಕೆಂಪು ಮಾಡ್ಕೋತಾರೆ. ಅವಳ ಬೀದಿ ತಿರುವಲ್ಲಿ ಒಂದು ಹಳೇ ಬಾವಿ. ಯಾರೂ ನೀರು ಸೇದಲ್ಲ, ಬಾಯಿಗೆ ಕಬ್ಬಿಣದ ಜಾಲರಿ ಹಾಕಿ ಬೀಗ ಜಡಿದಿದ್ದಾರೆ. ಆ ಹೊತ್ತಲ್ಲಿ ಅಲ್ಲಿ ಕೇಳೋದು ಎರಡೇ ಸದ್ದು. ಜಾಲರಿ ಮೇಲೆ ಒಣ ಎಲೆ ಉಜ್ಜೋದು... ಸರ್ರ್... ಸರ್ರ್... ಮತ್ತೆ ಒಳಗೆಲ್ಲೋ ನೀರು ತೊಟ್ಟಿಕ್ಕೋದು. ತಟ್... ತಟ್...

ಅವತ್ತು ಮೂರನೇ ಸದ್ದೊಂದು ಇತ್ತು.

ಗುಂಯ್ಯ್ಯ್...

ಅಕ್ಕ ನಿಂತ್ಲು. ಬಾವಿಯಿಂದ ಬರ್ತಿರೋದಲ್ಲ. ಮೇಲಿಂದ. ಎದುರಿನ ಮನೆಯ ಮಹಡಿ ಮೇಲಿನ ರೂಮಿಂದ. ಅದು ಅವಳದ್ದೇ ರೂಮು. ಕಿಟಕಿ ಕತ್ತಲು, ಬಾಗಿಲಿಗೆ ಹೊರಗಿನಿಂದ ಬೀಗ, ಬೀಗದ ಕೈ ಅವಳ ಬ್ಯಾಗಲ್ಲಿ.

ಮೆಟ್ಟಿಲ ಬುಡದಲ್ಲಿ ಯಾರೋ ಕೂತಿದ್ರು. ಕೆಳಗಿನ ಮನೆ ಓನರಮ್ಮ. ದೀಪ ಹಾಕದೆ, ಶಾಲು ಹೊದ್ದು.

"ಮೇಲೆ ಯಾರನ್ನ ಇರಿಸ್ಕೊಂಡಿದ್ದೀಯಮ್ಮಾ?" ಪಿಸುಗುಟ್ಟಿದ್ರು.

"ಯಾರೂ ಇಲ್ಲ ಆಂಟಿ."

"ಹತ್ತು ಗಂಟೆಯಿಂದ ಹೊಡ್ಕೋತಿದೆ."

"ಕಂಪ್ಯೂಟರ್ ಪ್ಲಗ್ಗೇ ಕಿತ್ತಿಟ್ಟು ಹೋಗಿದ್ದೀನಿ."

"ಹಾಗಾದ್ರೆ ಅದೇನು?"

ಅಕ್ಕ ಮೆಟ್ಟಿಲು ಹತ್ತಿದ್ಲು. ಬೀಗದ ಕೈ ತೂರಿಸಿ ತಿರುಗಿಸಿದ್ಲು ನೋಡಿ... ಒಳಗೆ ಸದ್ದು ಇಳೀತು. ಪಟ್ಟಂತ ನಿಲ್ಲಲಿಲ್ಲ. ಫ್ಯಾನ್ ಆರಿಸಿದಾಗ ಇಳಿಯುತ್ತಲ್ಲ, ಹಾಗೆ. ಗುಂಯ್ಯ್... ಉಂ... ಉ... ಟಕ್.

ಲೈಟು ಹಾಕಿದ್ರೆ ರೂಮಲ್ಲಿ ಯಾರೂ ಇಲ್ಲ. ಪ್ಲಗ್ಗು ನೆಲದ ಮೇಲೆ ಬಿದ್ದಿದೆ, ಅವಳು ಬಿಟ್ಟು ಹೋದ ಜಾಗದಲ್ಲೇ. ಅಕ್ಕ ಕಂಪ್ಯೂಟರ್ ಡಬ್ಬದ ನೆತ್ತಿ ಮೇಲೆ ಅಂಗೈ ಇಟ್ಲು. ಬೆಚ್ಚಗಿತ್ತು. ಈಗಷ್ಟೇ ಯಾರೋ ಎದ್ದು ಹೋದ ಕುರ್ಚಿ ಹಾಗೆ.

ನೀವಾಗಿದ್ರೆ ಏನ್ ಮಾಡ್ತಿದ್ರಿ? ನಾನಾಗಿದ್ರೆ ಮೆಟ್ಟಿಲು ಎಣಿಸದೆ ಕೆಳಗೆ ಹಾರ್ತಿದ್ದೆ. ಅಕ್ಕನ ಎದೇನೂ ಝಲ್ ಅಂದಿತ್ತಂತೆ, ಅವಳೇ ಒಪ್ಕೋತಾಳೆ. ಆದ್ರೆ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಡಬ್ಬದ ಮುಂದೆ ನಿಂತು ಹೇಳಿದ್ದೇನು ಗೊತ್ತಾ?

"ಯಾರೇ ಆಗಿರಿ. ನನಗೆ ಕೆಲಸ ಇದೆ. ಜಾಗ ಬಿಡಿ."

ಅಂದು ಪ್ಲಗ್ ಚುಚ್ಚಿದ್ಲು.

ಅವಳಿಗೆ ಅಂಥ ಗಂಡಾಂತರದ ಕೆಲಸ ಏನಿತ್ತು ಅಂತ ಈಗ ಹೇಳ್ಬೇಕು. ಅವಳ ತಮ್ಮ ಒಬ್ಬ ಇದ್ದಾನೆ. ಚಿಕ್ಕಂದಿನಿಂದ ಎಲ್ಲದಕ್ಕೂ ವಾದ, ಎಲ್ಲರ ಜೊತೆ ತಕರಾರು. ಅದಕ್ಕೆ ಮನೇಲಿ ಅವನಿಗೆ ವಕೀಲ ಅಂತಲೇ ಹೆಸರು. ಹೆಸರಿಗೆ ತಕ್ಕ ಹಾಗೆ ಕಾನೂನು ಕಾಲೇಜೂ ಸೇರಿದ. ಎರಡನೇ ವರ್ಷದಲ್ಲಿ ಕಾಯಿಲೆ ಬಂದು ಎರಡೂ ಕಣ್ಣು ಹೋದವು. ಆದ್ರೂ ಬಿಡಲಿಲ್ಲ ಪುಣ್ಯಾತ್ಮ. ಬೇರೆಯವರಿಂದ ಓದಿಸ್ಕೊಂಡು, ಬೇರೆಯವರಿಂದ ಬರೆಸ್ಕೊಂಡು, ಒಂದೊಂದೇ ವಿಷಯ ಪಾಸು ಮಾಡ್ತಾ ಬಂದ. ಉಳಿದದ್ದು ಒಂದೇ. ಸಾಕ್ಷ್ಯ ಕಾನೂನು. ಕೊಟ್ಟ ಅವಧಿ ಮುಗೀತಾ ಬಂದಿತ್ತು, ಇದೇ ಕಡೇ ಅವಕಾಶ. ಈ ಸಲ ಹೋದ್ರೆ ಪದವೀನೇ ಹೋಯ್ತು, ಅಷ್ಟು ವರ್ಷ ಓದಿದ್ದೆಲ್ಲ ನೀರಲ್ಲಿ ಹೋಮ.

ಆ ವಿಷಯಕ್ಕೆ ಅವರ ಮೇಷ್ಟ್ರು ಹೇಳಿದ ಪುಸ್ತಕ ಯಾವ ಕಾಲದ್ದೋ. ಮಸಿ ಹರಡಿದ ಅಕ್ಷರ, ಹಳದಿ ತಿರುಗಿದ ಕಾಗದ. ಮೊಬೈಲಲ್ಲಿ ಫೋಟೋ ಹೊಡೆದು ಓದಿಸಿದ್ರೆ ಅದು ಕುಡಿದವನ ಹಾಗೆ ತೊದಲುತ್ತಿತ್ತು. ಅಕ್ಕ ಅಂದ್ಲು, ಮೊಬೈಲಿಗೇನು ಗೊತ್ತು ಪ್ರೂಫು, ನಾನೇ ಓದಿ ರೆಕಾರ್ಡ್ ಮಾಡ್ತೀನಿ. ವಕೀಲ ಇರೋದು ಊರಿನ ಇನ್ನೊಂದು ತುದಿಯ ಹಾಸ್ಟೆಲಲ್ಲಿ. ರಾತ್ರಿ ಓದೋದು, ಬೆಳಗ್ಗೆ ಅವನ ಫೋನಿಗೆ ಕಳಿಸೋದು, ಅಂತ ಮಾತಾಯ್ತು. ಅದಕ್ಕೇ ಅಂತ ಒಂದು ಮೈಕು ತಗೊಂಡ್ಲು. ಬೀದೀಲಿರೋ ರಿಪೇರಿಯವನ ಹತ್ರ ಒಂದು ಹಳೇ ಕಂಪ್ಯೂಟರೂ ತಗೊಂಡ್ಲು. ಸೆಕೆಂಡ್ ಹ್ಯಾಂಡು, ಆದ್ರೆ ಗಟ್ಟಿ ಯಂತ್ರ.

ಮೊದಲನೇ ದಿನವೇ ವಕೀಲನ ತಕರಾರು ಶುರು. "ಅಕ್ಕಾ, ನಿನ್ನ ದನಿ ಹಿಂದೆ ಏನೋ ಕುಯ್ಯಂತ ಕೊರೀತಿದೆ. ತಲೆ ಸಿಡೀತಿದೆ ನನಗೆ."

ವಿಷಯ ಏನಪ್ಪಾಂದ್ರೆ, ಕಣ್ಣಿಲ್ಲದವರು ನಮ್ಮ ಹಾಗೆ ಕೇಳಲ್ಲ. ಎರಡರಷ್ಟು ವೇಗದಲ್ಲಿ ಓಡಿಸ್ಕೊಂಡು ಕೇಳ್ತಾರೆ, ನಮಗೆ ಒಂದಕ್ಷರ ಹತ್ತಲ್ಲ. ಹಾಗೆ ಓಡಿಸಿದಾಗ ಕಂಪ್ಯೂಟರ್ ಫ್ಯಾನಿನ ಗುಂಯ್ ಅನ್ನೋ ಸದ್ದು ಕಿವಿಯೊಳಗೆ ಸೊಳ್ಳೆ ಕೂತ ಹಾಗಾಗುತ್ತೆ. ಗಂಟೆಗಟ್ಟಲೆ ಯಾರು ತಡ್ಕೋತಾರೆ?

ಅಕ್ಕ ಡಬ್ಬ ಎತ್ಕೊಂಡು ರಿಪೇರಿಯವನ ಹತ್ರ ಹೋಗಿ, ಇದರ ಬಾಯಿ ಮುಚ್ಚಿಸೋದು ಹೇಗೆ ಅಂತ ಕೇಳಿದ್ಲು.

"ವೇಗ ಇಳಿಸಿ ಮೇಡಂ," ಅಂದ ಅವನು. "ಇದರ ಪ್ರೊಸೆಸರ್ ಇದೆಯಲ್ಲ, ಅದು ಓಡಿದಷ್ಟೂ ಬಿಸಿ. ಬಿಸಿಯಾದಷ್ಟೂ ಫ್ಯಾನ್ ಜೋರು. ನಿಮಗೆ ಬರೀ ದನಿ ಹಿಡಿಯೋಕೆ ಅಷ್ಟು ಓಟ ಯಾಕೆ? ಆನ್ ಆಗೋ ಹೊತ್ತಲ್ಲಿ ಈ ಬಟನ್ ಒತ್ತಿ, ನೀಲಿ ಪರದೆ ಬರುತ್ತೆ. ಇಲ್ಲಿ ಮೂವತ್ತಾರು ಅಂತಿದೆ ನೋಡಿ, ಇದೇ ವೇಗದ ಅಂಕಿ. ಹದಿನಾರು ಮಾಡಿ ಉಳಿಸಿ. ಬೆಕ್ಕಿನ ಹಾಗೆ ಬಿದ್ಕೊಂಡಿರುತ್ತೆ." ಆಮೇಲೆ ನಕ್ಕ. "ಇಷ್ಟು ವರ್ಷದಲ್ಲಿ ವೇಗ ಜಾಸ್ತಿ ಮಾಡಿಕೊಡಿ ಅಂತ ಬಂದವರೇ ಎಲ್ಲ. ಕಡಿಮೆ ಮಾಡಿ ಅಂತ ಬಂದವರು ನೀವೊಬ್ರೇ."

ಹದಿನಾರು ಮಾಡಿದ್ಲು. ಫ್ಯಾನು ನಿಜಕ್ಕೂ ತಣ್ಣಗಾಯ್ತು. ಕಿವಿ ಹಚ್ಚಿದ್ರೂ ಕೇಳದಷ್ಟು. ಆ ರಾತ್ರಿ ಎರಡು ಅಧ್ಯಾಯ ಓದಿ ಮಲಗಿದ್ಲು, ಗೆದ್ದೆ ಅಂತ.

ಬೆಳಗ್ಗೆ ವಕೀಲನ ಫೋನು. "ಒಂದು ಗಂಟೆ ಚೆನ್ನಾಗಿದೆ ಅಕ್ಕ. ಆಮೇಲೆ ಮತ್ತೆ ಅದೇ ಸೊಳ್ಳೆ."

ನೀಲಿ ಪರದೆ ತೆಗೆದು ನೋಡಿದ್ರೆ... ಮೂವತ್ತಾರು.

ಮತ್ತೆ ಹದಿನಾರು ಮಾಡಿದ್ಲು. ಮಾರನೇ ದಿನ ಮೂವತ್ತಾರು. ಮತ್ತೆ ಹದಿನಾರು, ಮತ್ತೆ ಮೂವತ್ತಾರು. ಏರೋ ಹೊತ್ತೂ ಒಂದೇ. ಒಂದೂ ನಲವತ್ತು. ರಿಪೇರಿಯವನು ಬಂದು ಒಳಗಿರೋ ಬಿಲ್ಲೆ ಬ್ಯಾಟರಿ ಬದಲಾಯಿಸಿದ. ಅದು ಸೋತ್ರೆ ಯಂತ್ರ ಇಟ್ಟ ಅಂಕಿ ಮರೆತುಬಿಡುತ್ತಂತೆ. ಹೊಸ ಬ್ಯಾಟರಿ ಹಾಕಿದ್ದಾಯ್ತು. ಅಕ್ಕ ಕಣ್ಣಲ್ಲಿ ಕಣ್ಣಿಟ್ಟು ಹದಿನಾರು ಮಾಡಿ, ಉಳಿಸಿ, ಆರಿಸಿ, ಪ್ಲಗ್ಗೂ ಕಿತ್ತು ಆಫೀಸಿಗೆ ಹೋದ್ಲು. ಆ ರಾತ್ರಿಯೇ ನಾನು ಮೊದಲು ಹೇಳಿದ್ದು. ಬಾವಿ ಹತ್ರ ನಿಂತು ಗುಂಯ್ ಅನ್ನೋದು ಕೇಳಿದ ರಾತ್ರಿ.

ಅವತ್ತೂ ಓದಿದ್ಲು. ಬೆಳಗ್ಗೆ ಕಳಿಸಿದ್ಲು. ಈ ಸಲ ವಕೀಲ ಫೋನ್ ಮಾಡಿದಾಗ ದನಿ ತಗ್ಗಿಸಿ ಮಾತಾಡಿದ. ಅವನು ದನಿ ತಗ್ಗಿಸೋ ಜಾತಿಯೇ ಅಲ್ಲ.

"ಅಕ್ಕಾ... ಓದೋವಾಗ ನಿನ್ನ ಪಕ್ಕ ಯಾರು ಕೂತಿರ್ತಾರೆ?"

"ನನ್ನ ಪಕ್ಕ ಗೋಡೆ ಇದೆ ಕಣೋ."

"ಗೋಡೆ ಮಾತಾಡಲ್ಲ. ನೀನು ಒಂದು ಪ್ಯಾರಾ ಮುಗಿಸಿ ಉಸಿರು ತಗೋತೀಯಲ್ಲ... ಅಲ್ಲಿ. ಓಡಿಸಿ ಕೇಳಿದ್ರೆ ಬರೀ ಚಿಟ್ ಅಂತ ಕೇಳುತ್ತೆ. ನಿಧಾನ ಮಾಡಿ ಕೇಳಿದೆ. ಗಂಡಸಿನ ದನಿ. ಬೇಗ ಅಂತಾನೆ."

"ಏನಂತಾನೆ?"

"ಬೇಗ... ಬೇಗ... ಅಂತ. ಪ್ರತಿ ಪ್ಯಾರಾಕ್ಕೂ."

ಅಕ್ಕನ ಬಾಯಿ ಸುಮ್ಮನಿರಬೇಕಲ್ಲ. "ವಕೀಲಾ, ಕಣ್ಣಾರೆ ಕಂಡಿದ್ರೆ ಮಾತ್ರ ಸಾಕ್ಷಿ ಅಂತ ನಿನ್ನೆ ತಾನೇ ನಿನಗೆ ಓದಿ ಹೇಳಿದ್ದೀನಿ."

"ಅದೇ ಪುಟದಲ್ಲಿ ಕೆಳಗೂ ಓದಿದ್ದೀಯ. ಕೇಳೋ ಸಂಗತಿ ಆದ್ರೆ ಕಿವಿಯಾರೆ ಕೇಳಿದವನೇ ಸಾಕ್ಷಿ. ನಾನು ಕೇಳಿದ್ದೀನಿ. ಬಿಟ್ಬಿಡು ಅಕ್ಕ. ಪರೀಕ್ಷೆ ಹೋದ್ರೆ ಹೋಗ್ಲಿ."

"ಹೋಗ್ಲಿ ಅನ್ನೋಕೆ ಅದೇನು ಬಸ್ಸಾ? ಬಾಯಿ ಮುಚ್ಕೊಂಡು ಓದು."

ಹೀಗಂದವಳು ಫೋನಿಟ್ಟು ನೇರ ಹೋಗಿದ್ದು ರಿಪೇರಿಯವನ ಅಂಗಡಿಗೆ. ಅವನು ಮೊದಲು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಏನೇನೋ ಹೇಳಿದ. ಹಳೇ ಯಂತ್ರ ಮೇಡಂ, ಬೋರ್ಡ್ ದೋಷ ಇರಬಹುದು ಮೇಡಂ... ಅಕ್ಕ ಸ್ಟೂಲ್ ಎಳ್ಕೊಂಡು ಬಾಗಿಲಿಗೆ ಅಡ್ಡ ಕೂತ್ಲು. "ಇದು ಯಾರದ್ದಾಗಿತ್ತು?"

ಅವನು ಹೊರಗೊಮ್ಮೆ ನೋಡಿ ಪಿಸುಗುಟ್ಟಿದ. "ವಿಡಿಯೋ ಎಡಿಟಿಂಗ್ ಮಾಡ್ತಿದ್ದವನದ್ದು. ಒಂಟಿ ಜೀವ. ಬಂದವರಿಗೆ ಇಲ್ಲ ಅನ್ನೋಕೆ ಬರ್ತಿರಲಿಲ್ಲ. ಫೋನ್ ಮೇಲೆ ಫೋನು. ಬೇಗ ಕೊಡು, ಬೇಗ ಕೊಡು... ನನ್ನ ಹತ್ರಾನೇ ಬಂದು ಇದರ ವೇಗ ಏರಿಸ್ಕೊಂಡ. ಕಂಪನಿ ಇಟ್ಟಿದ್ದಕ್ಕಿಂತ ಮೇಲೆ. ಮೂರು ರಾತ್ರಿ ಮಲಗಿರಲಿಲ್ಲ ಅಂತಾರೆ. ನಾಲ್ಕನೇ ಬೆಳಗ್ಗೆ ಬಾಗಿಲು ಒಡೆದು ನೋಡಿದ್ರೆ ಟೇಬಲ್ ಮೇಲೆ ಹಣೆ ಇಟ್ಟು ಹಾಗೇ... ಫ್ಯಾನು ಮಾತ್ರ ಹೊಡ್ಕೋತಿತ್ತು."

"ಇದನ್ನ ಮೊದಲೇ ಹೇಳೋಕೆ ನಿಮ್ಮ ನಾಲಿಗೆಗೆ ಏನಾಗಿತ್ತು?"

"ಹೇಳಿದ್ರೆ ತಗೋತಿದ್ರಾ? ವಾಪಸ್ ತಂದುಬಿಡಿ. ಬೇರೆ ಕೊಡ್ತೀನಿ. ಹತ್ತು ದಿನ ಬೇಕು."

ಪರೀಕ್ಷೆಗೆ ನಾಲ್ಕು ದಿನ ಉಳಿದಿತ್ತು.

ಅಷ್ಟು ಹೊತ್ತಿಗೆ ಓನರಮ್ಮನಿಗೂ ಸುದ್ದಿ ಮುಟ್ಟಿತ್ತು. ಸಂಜೆ ಮೆಟ್ಟಿಲ ಮೇಲೇ ತಡೆದ್ರು. "ಒಂದೋ ಆ ಡಬ್ಬ ಹೋಗ್ಬೇಕು, ಇಲ್ಲ ನೀನು ಹೋಗ್ಬೇಕು."

"ನಾಲ್ಕು ದಿನ ಆಂಟಿ. ಆಮೇಲೆ ಇಬ್ರೂ ಹೋಗ್ತೀವಿ ಬೇಕಾದ್ರೆ."

"ನಿನಗೆ ಭಯ ಇಲ್ವೇನೇ?"

"ಭಯ ಇದೆ. ಪುರುಸೊತ್ತಿಲ್ಲ."

ನೋಡಿ, ಇದೇ ಅಕ್ಕ ಅಂದ್ರೆ. ಕೆಲವರಿಗೆ ಧೈರ್ಯ ಇರುತ್ತೆ. ಅವಳಿಗೆ ಇರೋದು ಧೈರ್ಯ ಅಲ್ಲ, ಸಿಟ್ಟು. ತಮ್ಮನ ಕಣ್ಣು ಹೋದಾಗ ಎಲ್ಲರೂ ಅತ್ರೆ ಅವಳು ಮೂರು ದಿನ ಯಾರ ಜೊತೇನೂ ಮಾತಾಡದೆ, ನಾಲ್ಕನೇ ದಿನ ಕಾಲೇಜಿಗೆ ಹೋಗಿ ಅವನ ಫೀಸು ಕಟ್ಟಿ ಬಂದವಳು. ಸತ್ತವನೊಬ್ಬ ಈಗ ಅಡ್ಡ ಬಂದ್ರೆ ಬಿಡ್ತಾಳಾ?

ಹಾಗೂ ಹೀಗೂ ಎರಡು ರಾತ್ರಿ ಓದಿದ್ಲು. ಒಂದೂ ನಲವತ್ತಕ್ಕೆ ಗುಂಯ್ ಶುರುವಾದ್ರೆ ಆರಿಸೋದು, ಮತ್ತೆ ಹದಿನಾರು ಮಾಡೋದು, ಮತ್ತೆ ಓದೋದು. ಕೊನೆಗೆ ಒಂದೇ ಅಧ್ಯಾಯ ಉಳೀತು. ಐವತ್ತೆಂಟು ಪುಟ. ಒಂದೇ ರಾತ್ರಿ. ಬೆಳಗ್ಗೆ ಕಳಿಸಿದ್ರೆ ವಕೀಲನಿಗೆ ಕೇಳೋಕೆ ಒಂದು ಹಗಲು ಸಿಗುತ್ತೆ, ಅದರ ಮಾರನೇ ದಿನ ಪರೀಕ್ಷೆ.

ಆ ರಾತ್ರಿ ಅಕ್ಕ ಒಂದು ಉಪಾಯ ಮಾಡಿದ್ಲು. ಉಪಾಯ ಅಂತ ಅವಳು ಅಂದ್ಕೊಂಡಿದ್ದು, ಬಿಡಿ. ಸ್ಕ್ರೂ ಡ್ರೈವರ್ ತಗೊಂಡು ಡಬ್ಬದ ಪಕ್ಕದ ತಗಡು ಬಿಚ್ಚಿದ್ಲು. ಪ್ರೊಸೆಸರ್ ಮೇಲಿನ ಫ್ಯಾನನ್ನೇ ಕಳಚಿ, ವೈರು ಕಿತ್ತು, ಟೇಬಲ್ ಮೇಲೆ ಅಂಗಾತ ಇಟ್ಲು. ಹದಿನಾರರಲ್ಲಿ ನಡೆಯೋ ಯಂತ್ರಕ್ಕೆ ಫ್ಯಾನಿಲ್ಲದೆಯೂ ನಡೆಯುತ್ತೆ ಅಂತ ರಿಪೇರಿಯವನೇ ಯಾವಾಗಲೋ ಹೇಳಿದ್ದ. ಫ್ಯಾನೇ ಇಲ್ಲ ಅಂದ್ಮೇಲೆ ಸದ್ದೆಲ್ಲಿಂದ? ಪರದೆ ಮೂಲೇಲಿ ವೇಗ ತೋರಿಸೋ ಒಂದು ಸಣ್ಣ ಚೌಕ ತೆರೆದಿಟ್ಟು, ಹದಿನಾರು ಅಂತ ನೋಡ್ಕೊಂಡು, ಹನ್ನೆರಡೂವರೆಗೆ ಓದೋಕೆ ಕೂತ್ಲು.

ನಿಶ್ಶಬ್ದ ಅಂದ್ರೆ ನಿಶ್ಶಬ್ದ. ಪುಟ ತಿರುವೋ ಸದ್ದು, ಚರ್ರ್. ಅವಳ ಉಸಿರು. ಗೋಡೆ ಗಡಿಯಾರ, ಟಿಕ್... ಟಿಕ್... ಅದರ ಸೆಲ್ಲನ್ನೂ ಕಿತ್ತಿಟ್ಲು. ಹದಿನಾಲ್ಕು ಪುಟ ಆಯ್ತು.

ಆಮೇಲೆ... ಟಕ್.

ಓದ್ತಾನೇ ಕಣ್ಣು ಹೊರಳಿಸಿದ್ಲು. ಟೇಬಲ್ ಮೇಲೆ ಅಂಗಾತ ಬಿದ್ದಿದ್ದ ಫ್ಯಾನಿನ ರೆಕ್ಕೆ ಅಲ್ಲಾಡ್ತು. ವೈರು ಎಲ್ಲಿಗೂ ಸೇರಿಲ್ಲ. ಕಿಟಕಿ ಮುಚ್ಚಿದೆ. ರೆಕ್ಕೆ ಒಂದು ಸುತ್ತು ಬಂತು... ಇನ್ನೊಂದು ಸುತ್ತು... ಟಕ್ ಟಕ್ ಟಕ್... ಟರ್ರ್ರ್... ಗುಂಯ್ಯ್ಯ್...

ಅಕ್ಕ ಪುಸ್ತಕದಿಂದ ಕಣ್ಣು ಕೀಳದೆ ಎಡಗೈ ಚಾಚಿ ಅದನ್ನ ಗಪ್ಪಂತ ಹಿಡಿದ್ಲು. ಹೆಬ್ಬೆರಳು ರೆಕ್ಕೆ ನಡುವೆ ತೂರಿಸಿ ಅದುಮಿದ್ಲು. ಅದು ಬೆರಳ ಕೆಳಗೆ ಮಿಸುಕಾಡ್ತು, ಹಿಡಿದ ಹಕ್ಕಿ ಹಾಗೆ. ಚರ್ಮ ಕುಯ್ದು ರಕ್ತ ಬಂತು. ಬಿಡಲಿಲ್ಲ. ಒಂದು ಕೈಯಲ್ಲಿ ದೆವ್ವ, ಒಂದು ಕೈಯಲ್ಲಿ ಸಾಕ್ಷ್ಯ ಕಾನೂನು. ನಗಬೇಡಿ. ಗುರುತು ಈಗಲೂ ಇದೆ.

ಪ್ಯಾರಾ ಮುಗೀತು. ಉಸಿರು ತಗೊಂಡ್ಲು. ಆಗ ಕೇಳ್ತು. ಎಡಗಿವಿ ಹತ್ರ. ರೆಕಾರ್ಡಲ್ಲಿ ಅಲ್ಲ, ಎದುರಿಗೇ.

"ಬೇಗ..."

"ನಿಧಾನಕ್ಕೇ ಓದ್ತೀನಿ," ಅಂದ್ಲು ಅಕ್ಕ. "ಏನ್ ಮಾಡ್ಕೋತೀಯ?"

ಏನು ಮಾಡ್ಕೋತಾನೆ ಅಂತ ಆಗ ಗೊತ್ತಾಯ್ತು. ಪರದೆ ಮೂಲೆಯ ಚೌಕದಲ್ಲಿ ಅಂಕಿ ಏರ್ತಿತ್ತು. ಹದಿನೇಳು... ಹತ್ತೊಂಬತ್ತು... ಇಪ್ಪತ್ತಮೂರು...

ಅಯ್ಯೋ ಅಂತ ಅವಳಿಗೆ ಹೊಳೆದದ್ದು ಆವಾಗ. ಹದಿನಾರರಲ್ಲಾದ್ರೆ ಫ್ಯಾನ್ ಬೇಡ. ಮೂವತ್ತಾರಕ್ಕೆ ಹೋದ್ರೆ? ಫ್ಯಾನಿಲ್ಲದೆ ಎರಡು ನಿಮಿಷಕ್ಕೆ ಕಾದು ಕೆಂಡ ಆಗಿ ಯಂತ್ರ ತಾನೇ ಆರಿಹೋಗುತ್ತೆ. ಅಷ್ಟು ಹೊತ್ತು ಓದಿದ್ದು ಹೋಗುತ್ತೆ, ಯಂತ್ರ ಸುಟ್ಟುಹೋದ್ರೆ ಉಳಿದದ್ದನ್ನ ಓದೋಕೂ ಆಗಲ್ಲ. ಫ್ಯಾನು ಕಿತ್ತವಳು ಅವಳೇ. ಉಳಿಸೋಕೆ ಮೌಸ್ ಒತ್ತಿದ್ಲು. ಬಾಣ ಅಲ್ಲಾಡಲಿಲ್ಲ. ಇಪ್ಪತ್ತೆಂಟು... ಡಬ್ಬದೊಳಗಿಂದ ಸುಟ್ಟ ಧೂಳಿನ ವಾಸನೆ. ಮೂವತ್ತೊಂದು... ಒಳಗೆ ಲೋಹ ಕಾದು ಟಿಣ್... ಟಿಣ್... ಅಂತಿತ್ತು.

ಆಗ ಅಕ್ಕ ಕಿರುಚಿದ್ಲು ಅಂದ್ರೆ, ಕೆಳಗೆ ಓನರಮ್ಮ ಎದ್ದು ಕೂತ್ರಂತೆ.

"ಏಯ್! ಯಾರೋ ನಿನ್ನ ಅವಸರ ಮಾಡ್ತಿರೋದು? ಯಾರಿದ್ದಾರೆ ಇಲ್ಲಿ? ನಾನು ಕೇಳಿದೆನಾ ಬೇಗ ಅಂತ? ನಿನಗೆ ಫೋನ್ ಮಾಡಿ ಪೀಡಿಸಿದವರು ಯಾರೂ ನಿನ್ನ ಹೆಣ ಹೊರೋಕೆ ಬರಲಿಲ್ವಲ್ಲೋ! ಅವರಿಗೆ ಇಲ್ಲ ಅನ್ನೋಕಾಗದೆ ಸತ್ತೆ. ಈಗ ನನ್ನ ತಮ್ಮನ ಹೊಟ್ಟೆ ಮೇಲೆ ಹೊಡೀತೀಯಾ? ಅವನಿಗೆ ಕಣ್ಣಿಲ್ಲ ಕಣೋ! ಇದೊಂದೇ ಅವನಿಗೆ ಉಳಿದಿರೋದು!"

ಆಮೇಲೆ ಏನಾಯ್ತೋ, ಸಿಟ್ಟು ಅಲ್ಲೇ ಮುರೀತು ಅಂತಾಳೆ. ಮೂರು ರಾತ್ರಿ ಮಲಗದೆ ಇದರ ಮುಂದೇ ಕೂತಿದ್ದನಲ್ಲ, ಪಾಪ, ಅನಿಸ್ತಂತೆ. ಬೆರಳ ಕೆಳಗೆ ಆ ರೆಕ್ಕೆ ಇನ್ನೂ ನಡುಗ್ತಿತ್ತು.

"ಅಣ್ಣಾ," ಅಂದ್ಲು ಮೆಲ್ಲಗೆ. "ಇಲ್ಲಿ ಯಾರೂ ನಿನ್ನ ಕೇಳೋರಿಲ್ಲ. ಯಾರಿಗೂ ಏನೂ ಕೊಡಬೇಕಾಗಿಲ್ಲ. ಸುಮ್ನೆ ಕೂತ್ಕೋ. ನಾನು ಓದ್ತೀನಿ, ನೀನೂ ಕೇಳು."

ಮೂವತ್ತನಾಲ್ಕು... ಮೂವತ್ತನಾಲ್ಕು... ಅಂಕಿ ಅಲ್ಲೇ ನಿಂತಿತು. ಪಕ್ಕದಲ್ಲಿ ಕುರ್ಚಿ ಎಳೆದ ಸದ್ದಾಯ್ತು. ಕಿರ್ರ್... ರೂಮಲ್ಲಿ ಇರೋದು ಒಂದೇ ಕುರ್ಚಿ, ಅದರ ಮೇಲೆ ಕೂತಿರೋದು ಅವಳು.

ಮೂವತ್ತು... ಇಪ್ಪತ್ತೆರಡು... ಹದಿನಾರು.

ಹದಿನಾರಕ್ಕೂ ನಿಲ್ಲಲಿಲ್ಲ. ಹನ್ನೆರಡು. ಎಂಟು. ಅಷ್ಟು ಕೆಳಗೆ ಅವಳು ಯಾವತ್ತೂ ಇಟ್ಟಿರಲಿಲ್ಲ. ಬೆರಳ ಕೆಳಗಿನ ರೆಕ್ಕೆ ಸಡಿಲವಾಯ್ತು. ಮೌಸಿನ ಬಾಣ ಅಲ್ಲಾಡ್ತು. ಅಷ್ಟು ಹೊತ್ತು ಓದಿದ್ದನ್ನ ಉಳಿಸಿ, ಬೆರಳಿಗೆ ಕರ್ಚೀಫ್ ಸುತ್ತಿ, ಬಿಟ್ಟ ಸಾಲಿಂದ ಮತ್ತೆ ಶುರು ಮಾಡಿದ್ಲು. ಬೇಕು ಬೇಕಂತಲೇ ನಿಧಾನವಾಗಿ. ಒಂದೊಂದು ಪದ ಬಿಡಿಸಿ.

ನಾಲ್ಕು ಗಂಟೆ ಸುಮಾರಿಗೆ ಕಣ್ಣಿಗೆ ಮಬ್ಬು ಕವೀತು. ತಲೆ ತೂಗ್ತಿತ್ತು, ಅದು ನೆನಪಿದೆ. ಆಮೇಲೆ ತಟ್ಟನೆ ಎಚ್ಚರ ಆದಾಗ ಪುಸ್ತಕ ತೆರೆದೇ ಇದೆ, ಮೈಕಿನ ಕೆಂಪು ದೀಪ ಉರೀತಾನೇ ಇದೆ. ತೂಕಡಿಸ್ತಾನೇ ಓದಿಬಿಟ್ಟೆ ಅಂದ್ಕೊಂಡು, ತೆರೆದಿದ್ದ ಪುಟದಿಂದ ಮುಂದುವರಿಸಿದ್ಲು. ಬೆಳಕು ಹರಿಯೋ ಹೊತ್ತಿಗೆ ಐವತ್ತೆಂಟೂ ಮುಗೀತು. ತಿರುಗಿ ಕೇಳೋಕೆ ತ್ರಾಣ ಇರಲಿಲ್ಲ. ವಕೀಲನಿಗೆ ಕಳಿಸಿ ಅಲ್ಲೇ ನೆಲದ ಮೇಲೆ ಉರುಳಿದ್ಲು.

ವಕೀಲ ಪರೀಕ್ಷೆ ಬರೆಸಿದ. ತಿಂಗಳಾದ ಮೇಲೆ ಫಲಿತಾಂಶ. ಪಾಸು. ಬೇಕಾದ್ದಕ್ಕಿಂತ ಆರೇ ಅಂಕ ಜಾಸ್ತಿ. ಆರಾದ್ರೇನು, ಅರವತ್ತಾದ್ರೇನು, ಪಾಸು ಪಾಸೇ. ಅವತ್ತು ಸಂಜೆ ಎಲ್ಲರೂ ಅಕ್ಕನ ರೂಮಲ್ಲಿ ಸೇರಿದ್ವಿ, ನಾನೂ ಇದ್ದೆ. ಓನರಮ್ಮ ಕೂಡ ಮೇಲೆ ಬಂದಿದ್ರು, ಬಾಗಿಲ ಹತ್ರಾನೇ ನಿಂತ್ಕೊಂಡು.

ವಕೀಲ ಗೋಡೆಗೊರಗಿ ಕೂತು ಕೇಳಿದ. "ಅಕ್ಕಾ, ಆ ಸರ್‌ಗೂ ಹೇಳು ಪಾಸಾದೆ ಅಂತ."

"ಯಾವ ಸರ್?"

"ಕೊನೇ ಅಧ್ಯಾಯದಲ್ಲಿ ಮೂರು ಪುಟ ಓದಿದವರು. ನಿಮ್ಮ ಆಫೀಸಿನವರಲ್ವಾ? ಹದಿನೈದು ಅಂಕದ ಪ್ರಶ್ನೆ ಅವರು ಓದಿದ್ದರಿಂದಲೇ ಬಂತು. ಎಷ್ಟು ಸಮಾಧಾನವಾಗಿ ಓದಿದ್ದಾರೆ. ಕಣ್ಣು ಹೋದ ಮೇಲೆ ಮೊದಲನೇ ಸಲ, ಪೂರ್ತಿ ವೇಗ ಏರಿಸದೆ ಕೇಳಿದೆ."

ಓನರಮ್ಮ ಎರಡು ಮೆಟ್ಟಿಲು ಇಳಿದೇ ಬಿಟ್ರು. ಅಕ್ಕ ಮಾತ್ರ ಫೋನ್ ಕಿತ್ಕೊಂಡು, ಆ ಜಾಗ ಹುಡುಕಿ, ಜೋರಾಗಿ ಹಾಕಿದ್ಲು.

ನಾನು ಕೇಳಿದ್ದೀನಿ. ಒಂದು ಸಲ ಅಲ್ಲ, ನಾಲ್ಕು ಸಲ. ಹೆಡ್‌ಫೋನ್ ಹಾಕ್ಕೊಂಡು. ಅಕ್ಕನ ದನಿ ಒಂದು ವಾಕ್ಯದ ನಡುವೆ ಎಳೆದು ಎಳೆದು ನಿಂತುಹೋಗುತ್ತೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಬ್ಬ ಗಂಡಸು ಗಂಟಲು ಸರಿ ಮಾಡ್ಕೋತಾನೆ. ಅದೇ ವಾಕ್ಯ ಅವಳು ಬಿಟ್ಟಲ್ಲಿಂದ ಹಿಡಿದು ಓದ್ತಾನೆ. ಹದಿನೇಳು ನಿಮಿಷ. ಒಂದು ಚೂರೂ ಅವಸರ ಇಲ್ಲ. ಪುಟ ತಿರುವೋದೂ ಕೇಳುತ್ತೆ, ಎರಡು ಸಲ.

ಅವನು ಓದೋ ಉದ್ದಕ್ಕೂ ಹಿಂದೆ ಇನ್ನೊಂದು ಸದ್ದು ಇದೆ. ಸಣ್ಣದು, ಒಂದೇ ಲಯದ್ದು. ಹೆಂಗಸಿನ ಗೊರಕೆ.

ದೆವ್ವ ಓದಿದ್ದನ್ನ ಅಕ್ಕ ಅವತ್ತೇ ಒಪ್ಕೊಂಡ್ಲು, ಕಣ್ಣು ಒರೆಸ್ಕೋತಾ. ಆ ಗೊರಕೆ ತನ್ನದು ಅಂತ ಮಾತ್ರ ಇವತ್ತಿಗೂ ಒಪ್ಪಲ್ಲ. ನಾನು ಗೊರಕೆ ಹೊಡೆಯೋಳೇ ಅಲ್ಲ ಅಂತ ನಮ್ಮ ಮೇಲೇ ಜಗಳಕ್ಕೆ ಬರ್ತಾಳೆ. ಕೂಡು ಕುಟುಂಬದಲ್ಲಿ ಅವಳ ಪಕ್ಕದ ಕೋಣೇಲಿ ಹದಿನೆಂಟು ವರ್ಷ ಮಲಗಿದವನು ನಾನು. ಅದು ಅವಳದ್ದೇ.